ಕೇಳದೆ ತಂದ ರಜೆ

ಮೇ ತಿಂಗಳ ಮೊದಲನೇ ದಿನಕ್ಕೆ ರಜೆ ಕೇಳಿಕೊಂಡು ಬಾ ಎಂದು ನನ್ನ ತಂಗಿ ಗೌರಿ ನನ್ನನ್ನು ಮ್ಯಾನೇಜರ ಕೋಣೆಗೆ ಕಳಿಸಿದ್ದಳು. ಒಳಗೆ ಹೋದೆ, ಕೇಳಲಿಲ್ಲ. ಹೊರಗೆ ಬಂದು "ಕೇಳಿದೆ, ಕೊಡ್ತಾರಂತೆ" ಎಂದೆ. ಆ ಸುಳ್ಳಿನಿಂದ ಗೌರಿಯ ಕೆಲಸ ಹೋಯಿತು, ನನ್ನದು ಉಳಿಯಿತು. ಉಳಿದ ಕೆಲಸವನ್ನು ರಿಟೈರಾಗುವವರೆಗೂ ಮಾಡಿದೆ. ಅವಳಿಗೆ ನಿಜ ಹೇಳುವುದೊಂದನ್ನು ಬಿಟ್ಟು.

ನಾನು ಹೊಸೂರಿನ ಪಕ್ಕದ ಒಂದು ಗುಲಾಬಿ ತೋಟದಲ್ಲಿ ದುಡಿದವಳು. ನಮ್ಮ ಕಡೆಯ ಹೆಣ್ಣುಮಕ್ಕಳು ಈಗಲೂ ಹೂವಿನ ಕೆಲಸಕ್ಕೆ ಹೋಗುತ್ತಾರೆ, ಫ್ಯಾಕ್ಟರಿಗೂ ಹೋಗುತ್ತಾರೆ. ಕೆಲಸ ಹೇಗಿರುತ್ತದೆ ಎಂದು ಕೇಳಿದರೆ ದೊಡ್ಡವರು ಒಳ್ಳೆಯದನ್ನಷ್ಟೇ ಹೇಳಿ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಅಂಚೆಟ್ಟಿ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ, ಐದನೇ ಕ್ಲಾಸಿನವರೆಗೆ. ಮುಂದಿನ ಶಾಲೆಗೆ ಕಾಡುದಾರಿಯಲ್ಲಿ ನಡೆಯಬೇಕಿತ್ತು. ಆನೆ ಭಯ ಎಂದು ಅಪ್ಪ ಬಿಡಿಸಿಬಿಟ್ಟರು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮದುವೆಯಾಗಿ ಹೊಸೂರಿಗೆ ಬಂದ ಮೇಲೆ ತೋಟಕ್ಕೆ ಸೇರಿದೆ. ತೋಟ ಎಂದರೆ ನಮ್ಮೂರಿನ ತೋಟದಂತಲ್ಲ. ಆಳೆತ್ತರಕ್ಕೂ ಮೀರಿದ ಕಬ್ಬಿಣದ ಕಮಾನುಗಳು, ಮೇಲೆ ಬಿಳೀ ಪ್ಲಾಸ್ಟಿಕ್ ಹೊದಿಕೆ. ಅದಕ್ಕೆ ಪಾಲಿಹೌಸ್ ಅನ್ನುತ್ತಿದ್ದರು. ಒಳಗೆ ಸಾಲು ಸಾಲು ಗುಲಾಬಿ. ಮೊದಲನೇ ದಿನ ನಾನು ಒಂದು ಹೂವನ್ನು ಮೂಗಿಗೆ ಹಿಡಿದು ನೋಡಿದೆ. ಏನೂ ವಾಸನೆ ಇಲ್ಲ. ಯಾರೂ ನೋಡದ ಹಾಗೆ ಇನ್ನೊಂದನ್ನೂ ಮೂಸಿದೆ. ಅದಕ್ಕೂ ಇಲ್ಲ. ನನಗೇ ಶೀತವಾಗಿದೆ ಎಂದುಕೊಂಡೆ.

ನಮಗೆ ಕೊಯ್ಲು ಕಲಿಸಿದವರು ವಯಸ್ಸಾದ ಒಬ್ಬ ಫೀಲ್ಡ್ ಆಫೀಸರು. ಕಡ್ಡಿಯ ಮೇಲೆ ಮೂರು ಎಸಳಿನ ಎಲೆ ಇರುತ್ತದೆ, ಐದು ಎಸಳಿನ ಎಲೆ ಇರುತ್ತದೆ. ಐದೆಸಳಿನ ಎಲೆಯ ಮೇಲೆ ಕತ್ತರಿಸಿದರೆ ಅಲ್ಲಿಂದ ಮುಂದಿನ ಹೂವು ಚೆನ್ನಾಗಿ ಬರುತ್ತದೆ. ತಪ್ಪಿ ಮೂರೆಸಳಿನ ಮೇಲೆ ಕತ್ತರಿಸಿದರೆ ಬರುವುದು ಬಡಕಲು ಕಡ್ಡಿ. ಅವರು ದಿನವಿಡೀ "ಐದೆಲೆ, ಐದೆಲೆ" ಎಂದು ಹಿಂದೆ ಹಿಂದೆ ಬರುತ್ತಿದ್ದರು. ನಾವು ಅವರಿಗೆ ಐದೆಲೆ ಅಯ್ಯ ಎಂದೇ ಹೆಸರಿಟ್ಟೆವು. ಬಯ್ಯುತ್ತಿರಲಿಲ್ಲ. ತಪ್ಪಾಗಿ ಕತ್ತರಿಸಿದ ಕಡ್ಡಿಯನ್ನು ಕೈಗೆ ಕೊಟ್ಟು "ಮನೆಗೆ ತಗೊಂಡು ಹೋಗು, ನೋಡ್ತಾ ಕೂತ್ಕೋ" ಅನ್ನುತ್ತಿದ್ದರು. ಬೈಗುಳವಾದರೂ ವಾಸಿಯಿತ್ತು. ನನ್ನ ಮನೆಯಲ್ಲಿ ಆ ಮೊದಲ ತಿಂಗಳು ಲೋಟದ ತುಂಬ ಗುಲಾಬಿ.

ಸ್ವಲ್ಪ ದಿನಕ್ಕೆ ಗೌರಿಯೂ ಮದುವೆಯಾಗಿ ಹೊಸೂರಿಗೆ ಬಂದಳು. ನಾನೇ ತೋಟಕ್ಕೆ ಸೇರಿಸಿದೆ. ನಾನು ಮಾತು ಕಮ್ಮಿ, ಅವಳು ಬಾಯಿ ಮುಚ್ಚಿದ್ದನ್ನು ಅವಳ ಗಂಡನೂ ನೋಡಿಲ್ಲ. ಸೇರಿದ ದಿನವೇ ಹೂವು ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇದೇನಕ್ಕಾ ಇದು? ಮುಡಿಯಂಗಿಲ್ಲ, ದೇವರಿಗೆ ಇಕ್ಕಂಗಿಲ್ಲ, ವಾಸ್ನೇನೂ ಇಲ್ಲ. ಬರೀ ಇಮಾನ ಹತ್ತಕ್ಕೇ ಹುಟ್ಟಿರೋ ಹಂಗೈತೆ!"

ಆದರೆ ಕೆಲಸದ ಕೈ ಎಂದರೆ ಅವಳದೇ. ಮೊಗ್ಗು ಯಾವಾಗ ಕೊಯ್ಯಬೇಕು ಅನ್ನುವುದೇ ಈ ಕೆಲಸದ ಜೀವ. ಬೇಗ ಕೊಯ್ದರೆ ಅರಳುವುದೇ ಇಲ್ಲ, ತಲೆ ಬಗ್ಗಿಸಿ ಸಾಯುತ್ತದೆ. ತಡವಾದರೆ ವಿದೇಶಕ್ಕೆ ಹೋಗುವ ಪೆಟ್ಟಿಗೆಯಲ್ಲೇ ಅರಳಿಬಿಡುತ್ತದೆ. ಗೌರಿ ನಡೆಯುತ್ತಲೇ ಕೊಯ್ಯುತ್ತಿದ್ದಳು, ಮಾತಾಡುತ್ತಲೇ ಕೊಯ್ಯುತ್ತಿದ್ದಳು, ಅವಳ ಬಕೆಟ್ಟಿನಲ್ಲಿ ಒಂದು ಹೂವನ್ನೂ ತೆಗೆದು ಪಕ್ಕಕ್ಕಿಡಬೇಕಾಗುತ್ತಿರಲಿಲ್ಲ. ಅವಳಿಗೆ ಆ ಕೆಲಸ ಇಷ್ಟವಾಗಿತ್ತು. ಇಷ್ಟ ಎಂದು ಬಾಯಲ್ಲಿ ಹೇಳಿದವಳಲ್ಲ. ಬೆಳಕು ಹರಿಯುವ ಮುಂಚೆ ಪಾಲಿಹೌಸಿನೊಳಗೆ ಮಂಜು ತೊಟ್ಟಿಕ್ಕುವಾಗ ಅವಳು ಸಾಲಿನೊಳಗೆ ಹೋಗುವ ರೀತಿ ನೋಡಿದರೆ ತಿಳಿಯುತ್ತಿತ್ತು.

ಫೆಬ್ರವರಿಯಲ್ಲಿ ಪ್ರೇಮಿಗಳ ದಿನ ಬರುತ್ತದಲ್ಲ, ಆಗ ನಮಗೆ ಮನೆ ಮರೆತುಹೋಗುತ್ತಿತ್ತು. ಊಟ ನಿಂತುಕೊಂಡೇ. ಗೌರಿ ಅನ್ನುತ್ತಿದ್ದಳು, "ಎಲ್ಲೋ ಇರೋ ಹುಡ್ಗ ಹುಡ್ಗಿ ಪಿರೀತಿ ಮಾಡ್ಲಿ ಅಂತ ನಮ್ ಗಂಡಂದ್ರು ತಣ್ಣನೆ ಮುದ್ದೆ ತಿಂತಾವ್ರೆ." ಜೊತೆಗಿದ್ದ ತೆಲುಗು ಮಾತಿನ ಸರೋಜಮ್ಮ ತನ್ನ ಗಂಡ ತನಗೆ ಈವರೆಗೆ ಒಂದು ಹೂವೂ ತಂದುಕೊಟ್ಟಿಲ್ಲ ಎಂದು ನೆನಪು ಮಾಡಿಕೊಂಡು ಕೋಪದಲ್ಲಿ ಕತ್ತರಿಸುತ್ತಿದ್ದಳು.

ನನ್ನನ್ನು ಗ್ರೇಡಿಂಗ್ ಕೋಣೆಗೆ ಹಾಕಿದರು. ಕೊಯ್ದ ಹೂವನ್ನು ಕಡ್ಡಿಯ ಉದ್ದ ನೋಡಿ ವಿಂಗಡಿಸಿ, ಕಟ್ಟು ಕಟ್ಟಿ, ಕೋಲ್ಡ್ ರೂಮಿಗೆ ಸೇರಿಸುವ ಕೆಲಸ. ಅಲ್ಲಿ ನಾನು ಮಾಡಿದ ದೊಡ್ಡ ಎಡವಟ್ಟನ್ನು ಹೇಳಬೇಕು. ಕೋಲ್ಡ್ ರೂಮಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಒಳಗೇ ಉಳಿದುಬಿಟ್ಟರೆ ಎಂದು ನನಗೆ ಜೀವ ಹೋಗುವಷ್ಟು ಹೆದರಿಕೆ. ಬಾಗಿಲಿಗೆ ಬಕೆಟ್ಟು ಅಡ್ಡ ಇಟ್ಟು ಒಳಗೆ ಹೋಗುತ್ತಿದ್ದೆ. ಒಂದು ದಿನ ಬಕೆಟ್ಟು ತೆಗೆಯುವುದನ್ನು ಮರೆತು ಮನೆಗೆ ಹೋಗಿಬಿಟ್ಟೆ. ಬೆಳಿಗ್ಗೆ ಬಂದರೆ ಕೋಣೆಯೆಲ್ಲ ಬೆಚ್ಚಗೆ, ಹೂವೆಲ್ಲ ಬಾಯಿ ಬಿಟ್ಟಿವೆ.

ಆಗಿನ ಮ್ಯಾನೇಜರು ತಮಿಳಿನವರು, ದೊಡ್ಡ ದನಿ. ಹೋಗಿ ಹೇಳಿದೆ. ಮೊದಲು ಕೂಗಾಡಿದರು. ಯಾಕಮ್ಮ ಹಾಗೆ ಇಟ್ಟೆ ಎಂದು ಕೇಳಿದರು. "ಒಳಗೆ ಸಿಕ್ಕಾಕಿಕೊಂಡ್ರೆ ಅಂತ ಭಯ ಸಾರ್" ಎಂದೆ. ವಾರದೊಳಗೆ ಕೋಣೆಯ ಒಳಗಡೆ ಒಂದು ಗಂಟೆಯ ಗುಂಡಿ ಹಾಕಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಮನುಷ್ಯ ರಾಕ್ಷಸನಲ್ಲ. ಹೇಳಿದರೆ ಕೇಳಿಸಿಕೊಳ್ಳುವವರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದಿನದು ನಡೆಯಿತು.

ಗೌರಿಯ ಗಂಡ ಮಾದೇಶ ಹೊಸೂರಿನ ಒಂದು ಕಬ್ಬಿಣದ ಫ್ಯಾಕ್ಟರಿಯಲ್ಲಿದ್ದ. ಮೇ ಒಂದನೇ ತಾರೀಖು ಅವನಿಗೆ ರಜೆ. ಬೆಳಿಗ್ಗೆ ಹೋಗಿ ಗೇಟಿನಲ್ಲಿ ಬಾವುಟ ಹಾರಿಸಿ, ಸ್ವೀಟ್ ಪೊಟ್ಟಣ ಹಿಡಿದುಕೊಂಡು ಬಂದು ಮನೆ ಮುಂದೆ ಕಾಲು ಚಾಚಿ ಕೂರುತ್ತಿದ್ದ. ಗೌರಿ ಅದೇ ಬಾಗಿಲು ದಾಟಿ ಕೊಯ್ಲಿಗೆ ಬರಬೇಕು. ಒಂದು ವರ್ಷ ಮೈಸೂರುಪಾಕನ್ನು ಬಾಯಲ್ಲಿ ಇಟ್ಟುಕೊಂಡೇ ಬಂದಳು.

"ಕಾರ್ಮಿಕರ ದಿನ ಅಂತೆ. ಅವ್ನು ಕಾರ್ಮಿಕ, ಮನೇಲವ್ನೆ. ನಾನ್ಯಾರು ಅಂತ ಕೇಳ್ದೆ. 'ನೀನು ನನ್ ಹೆಂಡ್ತಿ' ಅಂದ. ಅದ್ಕೇನು ರಜ ಇಲ್ವಾ ಅಂದೆ. ಮಾತೇ ಇಲ್ಲ ಮಗಂಗೆ!"

ಆ ದಿನ ಏನು, ಯಾಕೆ ಎಂದು ನಮಗೆ ಗೊತ್ತಿರಲಿಲ್ಲ. ಮಾದೇಶ ತನ್ನ ಯೂನಿಯನ್ನಿನವರು ಹೇಳಿದ್ದನ್ನು ಅವಳಿಗೆ ಹೇಳುತ್ತಿದ್ದ. ಅವಳು ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ನಮಗೆ ಹೇಳುತ್ತಿದ್ದಳು. ಒಂದು ಕಾಲದಲ್ಲಿ ಕಾರ್ಖಾನೆಯವರು ಬೆಳಕಿರುವಷ್ಟು ಹೊತ್ತೂ ದುಡಿಯಬೇಕಿತ್ತಂತೆ. ದೂರದ ಅಮೆರಿಕದಲ್ಲಿ ಜನ ಬೀದಿಗಿಳಿದು, ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು ಎಂದು ಕೇಳಿದರಂತೆ. ಪೊಲೀಸರು ಬಂದರು, ಜೀವ ಹೋದವು, ಆ ಮೇಲೆ ಕೆಲವರನ್ನು ನೇಣಿಗೂ ಹಾಕಿದರಂತೆ. ಅದರ ನೆನಪಿಗೆ ಈ ದಿನ.

"ಎಂಟು ಗಂಟೆ ನಮ್ದು ಅಂದ್ರೆ ಏನ್ ಮಾಡೋದು ಅದ್ರಲ್ಲಿ?" ಎಂದು ಸರೋಜಮ್ಮ ನಿಜವಾಗಿಯೂ ತಿಳಿಯದೆ ಕೇಳಿದಳು.

"ಏನೂ ಮಾಡ್ದೆ ಕೂತ್ಕೋ" ಎಂದಳು ಗೌರಿ.

"ಅತ್ತೆ ಬಿಡ್ತಾಳಾ?"

"ಅದ್ಕೆ ಬೇರೆ ಯೂನಿಯನ್ನು ಕಟ್ಟಬೇಕು ಕಣಕ್ಕ."

ನಮ್ಮ ದೇಶದಲ್ಲಿ ಮೊದಲು ಈ ದಿನ ಮಾಡಿದ್ದು ಮದರಾಸಿನ ಸಮುದ್ರದ ದಂಡೆಯಲ್ಲಂತೆ. ಬಾವುಟಕ್ಕೆ ಕೆಂಪು ಬಟ್ಟೆ ಸಿಗದೆ ಅಲ್ಲಿಯ ಹಿರಿಯರೊಬ್ಬರು ಮಗಳ ಕೆಂಪು ಸೀರೆಯನ್ನು ಹರಿದರು ಅಂತ ಹೇಳುತ್ತಾರೆ. ನಿಜವೋ ಕಥೆಯೋ ನನಗೆ ತಿಳಿಯದು. ನಮ್ಮ ಹೆಂಗಸರು ಅದನ್ನು ಬಹಳ ಹೊತ್ತು ಮಾತಾಡಿದರು. ಯಾವ ಸೀರೆ, ಹೊಸದೋ ಹಳೆಯದೋ, ಮಗಳು ಏನಂದಳು, ಬೇರೆ ಕೊಡಿಸಿದರೋ ಇಲ್ಲವೋ. ಗೌರಿ ಮಾತ್ರ, "ಅವ್ಳೇ ಕೊಟ್ಟಿರ್ತಾಳೆ ಬಿಡಿ. ನಾನಾಗಿದ್ರೆ ಕೊಡ್ತಿದ್ದೆ" ಎಂದಳು.

ನಮಗೆ ಯಾಕೆ ರಜೆ ಇಲ್ಲ ಎಂದು ಅವಳು ಆಫೀಸಿನ ಗುಮಾಸ್ತರನ್ನು ಕೇಳಿದ್ದಳು. ಇದು ಫ್ಯಾಕ್ಟರಿಯಲ್ಲ, ಬೇಸಾಯ, ಹೂವು ದಿನಾ ಅರಳುತ್ತದೆ, ಅದಕ್ಕೆ ಮೇ ಒಂದು ಗೊತ್ತಿಲ್ಲ ಎಂದಿದ್ದರು. ಹೂವಿನ ಮಾತು ಸುಳ್ಳಲ್ಲ. ಬೆಳಿಗ್ಗೆ ಸಂಜೆ ಎರಡು ಕೊಯ್ಲು, ಒಂದು ದಿನ ಬಿಟ್ಟರೆ ಎಲ್ಲ ಹಾಳು. ಗೌರಿ ಅದಕ್ಕೂ ಉಪಾಯ ಹುಡುಕಿದಳು. ನಮ್ಮ ಕಡೆ ಹೂವು ಕಟ್ಟುವವರು ಮೊಗ್ಗು ಬಿಚ್ಚಿಕೊಳ್ಳದ ಹಾಗೆ ಒದ್ದೆ ಬಾಳೆನಾರು ಸುತ್ತುತ್ತಾರೆ. ಹಿಂದಿನ ದಿನ ಸಂಜೆ ಕೊಯ್ಲು ಮುಗಿಸಿ, ಮರುದಿನಕ್ಕೆ ಬರುವ ಮೊಗ್ಗುಗಳಿಗೆಲ್ಲ ನಾರು ಕಟ್ಟಿಬಿಟ್ಟರೆ ಒಂದು ದಿನ ತಡೆಯುತ್ತವೆ. ಎರಡನೇ ತಾರೀಖು ಬೆಳಗಾಗುವ ಮುಂಚೆ ಬಂದು ಕೊಯ್ದುಬಿಡೋಣ. ಎಲ್ಲರೂ ಒಪ್ಪಿದರು. ಮ್ಯಾನೇಜರನ್ನು ಕೇಳಬೇಕಾದವಳು ನಾನು, ಯಾಕೆಂದರೆ ಗ್ರೇಡಿಂಗ್ ಕೋಣೆಯ ಪಕ್ಕದ್ದೇ ಅವರ ಕೋಣೆ.

"ನೀನು ನಿಧಾನಕ್ಕೆ ಮಾತಾಡ್ತೀಯ. ನಾನೋದ್ರೆ ಜಗಳ ಆಗೋಗ್ತದೆ" ಎಂದು ಗೌರಿ ನನ್ನ ಸೆರಗು ಸರಿಮಾಡಿ ಕಳಿಸಿದಳು.

ಒಳಗೆ ಹೋದಾಗ ಅವರು ಫೋನಿನಲ್ಲಿದ್ದರು. ಏರ್‌ಪೋರ್ಟಿನಲ್ಲಿ ನಮ್ಮ ಪೆಟ್ಟಿಗೆಗಳನ್ನು ತಿರುಗಿಸಿ ಕಳಿಸಿದ್ದರು. ಕೂಗಾಡಿ ಫೋನು ಇಟ್ಟು, ನನ್ನ ಕಡೆ ತಿರುಗಿ "ಎನ್ನಮ್ಮಾ ರತ್ನಮ್ಮ?" ಎಂದು ತಮಿಳಿನಲ್ಲೇ ಕೇಳಿದರು. ನನ್ನ ನಾಲಿಗೆ ಒಣಗಿತ್ತು. "ಕತ್ತರಿ ಮೊಂಡಾಗವೆ ಸಾರ್, ಹೊಸದು ಬೇಕು" ಎಂದೆ. ತರಿಸೋಣ ಎಂದರು. ಹೊರಗೆ ಬಂದೆ.

ಬಾಗಿಲ ಹೊರಗೆ ಗೌರಿ, ಅವಳ ಹಿಂದೆ ಸರೋಜಮ್ಮ, ಅವಳ ಹಿಂದೆ ಕೊಯ್ಲಿನವರೆಲ್ಲ. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಕೇಳಲಿಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಸಂಜೆ ಅವರ ಸಿಟ್ಟು ಇಳಿದ ಮೇಲೆ ಕೇಳಿದರಾಯಿತು, ಈಗ ಸುಮ್ಮನೆ ಹೇಳಿಬಿಡೋಣ ಅಂದುಕೊಂಡೆ. "ಕೇಳಿದೆ ಕಣೇ. ಕೊಡ್ತಾರಂತೆ" ಎಂದೆ. ಗೌರಿ ನನ್ನನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟಳು.

ಸಂಜೆಗೆ ಮ್ಯಾನೇಜರು ಊರಿಗೆ ಹೊರಟುಹೋಗಿದ್ದರು, ಮನೆಯಲ್ಲಿ ಏನೋ ಶುಭಕಾರ್ಯ. ಬರುವುದು ಎರಡನೇ ತಾರೀಖು. ಆ ಹೊತ್ತಿಗಾದರೂ ಗೌರಿಯನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನಾಳೆ ಹೇಳೋಣ ಎಂದೆ. ನಾಳೆ ಬಂದಾಗ ಅವರೆಲ್ಲ ಬಾಳೆನಾರು ನೆನೆಹಾಕಿದ್ದರು.

ಮೂವತ್ತನೇ ತಾರೀಖಿನ ಸಂಜೆ ಆ ಹೆಂಗಸರು ಕೆಲಸ ಮಾಡಿದ್ದನ್ನು ನೀವು ನೋಡಬೇಕಿತ್ತು. ರಜೆ ಸಿಗುತ್ತದೆಂದು ಅಷ್ಟು ಚೆನ್ನಾಗಿ ದುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದೊಂದು ಮೊಗ್ಗಿಗೂ ಮಗುವಿಗೆ ಉಡಿದಾರ ಕಟ್ಟಿದಂತೆ ಕಟ್ಟಿದರು. ನಾನೂ ಕಟ್ಟಿದೆ. ನಾನು ಹಾಕಿದ ಗಂಟು ಬಿಚ್ಚಿಹೋಗುವುದನ್ನು ಕಂಡು ಗೌರಿ "ಸುಸ್ತಾಗೈತೆ ನಿಂಗೆ, ಕೂತ್ಕೋ" ಎಂದಳು.

ಮೇ ಒಂದರಂದು ಎಲ್ಲರೂ ಗೌರಿಯ ಮನೆ ಹಿಂದಿನ ಬಯಲಿನಲ್ಲಿ ಸೇರಿದೆವು. ಮಾವಿನಕಾಯಿ ಚಿತ್ರಾನ್ನ, ಮಜ್ಜಿಗೆ. ಗೌರಿ ಒಂದು ಕೆಂಪು ರವಿಕೆ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಟ್ಟಳು. ಸೆಲ್ಯೂಟು ಹೊಡೆಯುವುದು ಯಾವ ಕೈಯಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಮಾದೇಶ ಬಲಗೈ ಎಂದ, ಸರೋಜಮ್ಮನ ಬಲಗೈಯಲ್ಲಿ ಮಜ್ಜಿಗೆ ಲೋಟ, ಅವಳು ಎಡಗೈಯಲ್ಲೇ ಹೊಡೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರೂ ಏನೂ ಮಾಡಲಿಲ್ಲ. ಹೊಂಗೆ ಮರದ ನೆರಳಲ್ಲಿ ಹಾಗೇ ಕೂತರು, ಒಬ್ಬರ ತಲೆ ಒಬ್ಬರು ಬಾಚಿದರು, ಒಂದಿಬ್ಬರು ಮಲಗಿಬಿಟ್ಟರು. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಆ ದಿನದ ಅರ್ಥ ನನಗೆ ಗೊತ್ತಾದದ್ದು ಅಲ್ಲೇ. ಅದನ್ನು ಅನುಭವಿಸುವ ಹಕ್ಕು ನನಗೊಬ್ಬಳಿಗೇ ಇರಲಿಲ್ಲ.

ಬಾಳೆನಾರು ಮಲ್ಲಿಗೆಗೆ ಸರಿ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮೇ ತಿಂಗಳ ಬಿಸಿಲಿನಲ್ಲಿ ಅದು ಒಣಗಿ ಬಿಗಿದುಕೊಂಡಿತ್ತು. ಎರಡನೇ ತಾರೀಖು ಬೆಳಿಗ್ಗೆ ನಾರು ಬಿಚ್ಚಿದರೆ ಒಂದೊಂದು ಮೊಗ್ಗಿನ ಸುತ್ತಲೂ ಕಂದು ಬಣ್ಣದ ಬರೆ. ಅರಳಿದ್ದರೆ ಇಲ್ಲಿಯ ಪೇಟೆಗಾದರೂ ಮಾರಬಹುದಿತ್ತು. ಇದನ್ನು ಯಾರಿಗೂ ಕೊಡುವಂತಿರಲಿಲ್ಲ. ಗೌರಿ ಸಾಲಿನ ನಡುವೆ ಒಂದು ಹೂವನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ನಾನೇ ಕುತ್ತಿಗೆ ಹಿಸುಕ್ದಂಗಾಯ್ತಲ್ಲಕ್ಕಾ" ಎಂದಳು. ಅಷ್ಟರಲ್ಲಿ ಮ್ಯಾನೇಜರು ಬಂದರು.

ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಯಾರ ಅಪ್ಪಣೆ ಕೇಳಿ ಕೆಲಸ ನಿಲ್ಲಿಸಿದಿರಿ ಎಂದರು. ಗೌರಿ ನೆಟ್ಟಗೆ ನಿಂತು, "ನೀವೇ ಕೊಟ್ರಿ ಸಾರ್ ರಜ. ನಾರು ಕಟ್ಟಿದ್ದು ನನ್ ತಪ್ಪು, ರಜ ನೀವ್ ಕೊಟ್ಟಿದ್ದು" ಎಂದಳು.

"ನಾನಾ? ಯಾವಾಗ?" ಅವರು ನನ್ನ ಕಡೆ ತಿರುಗಿದರು. "ರತ್ನಮ್ಮ, ನೀನು ಹೇಳು. ನಾನು ಕೊಟ್ಟೆನಾ?"

"ಇಲ್ಲ ಸಾರ್" ಎಂದೆ.

ನಾನು ಹೇಳಿದ್ದು ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬದುಕಿನಲ್ಲಿ ಹೇಳಿಲ್ಲ. ಮುಂದಿನ ಮಾತು, ನಾನು ಕೇಳಲೇ ಇಲ್ಲ ಸಾರ್ ಎಂಬುದು, ಬರಲಿಲ್ಲ. ಗೌರಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಬರುತ್ತದೆ ಎಂದುಕೊಂಡೆ. ಬಂದದ್ದು ಕನಿಕರ. ಈ ಮನುಷ್ಯ ಮಾತು ಕೊಟ್ಟು ತಪ್ಪಿದ, ಈಗ ಅಕ್ಕನ ಬಾಯಲ್ಲೇ ಇಲ್ಲ ಅನ್ನಿಸುತ್ತಿದ್ದಾನೆ ಎಂದು ಅವಳು ತಿಳಿದಳು. ತಕ್ಷಣ ಅವರ ಕಡೆ ತಿರುಗಿ, "ಅವಳ್ನ ಯಾಕ್ ಕೇಳ್ತೀರ ಸಾರ್? ಎಲ್ರಿಗೂ ರಜ ಅಂತ ಹೇಳಿದ್ದು ನಾನು. ನನ್ನ ಕೇಳಿ" ಎಂದಳು.

ನಾಳೆಯಿಂದ ಬರಬೇಡ ಎಂದರು.

ಹೊರಗೆ ನೀರಿನ ತೊಟ್ಟಿಯ ಹತ್ತಿರ ನಾನು ಅಳುತ್ತಾ ನಿಂತೆ. ಕೆಲಸ ಕಳಕೊಂಡವಳು ಅವಳು, ಅಳುತ್ತಿದ್ದವಳು ನಾನು. ಅವಳು ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. "ಬಿಡಕ್ಕಾ. ಅವ್ನೆದುರಿಗೆ ನೀನು ಇನ್ನೇನ್ ಹೇಳಕ್ಕಾಯ್ತಿತ್ತು? ನಿನ್ ಕೆಲ್ಸಾನೂ ಹೋಗಿರೋದು. ಒಬ್ಳಾದ್ರೂ ಇರ್ಬೇಕು" ಎಂದಳು. ಕತ್ತರಿಯನ್ನು ತೊಳೆದು ನನ್ನ ಕೈಗೆ ಕೊಟ್ಟು ಹೋದಳು.

ಸುತ್ತಲಿನ ತೋಟದವರಿಗೆಲ್ಲ ಸುದ್ದಿ ಮುಟ್ಟಿತ್ತು, ಎಲ್ಲೂ ಅವಳಿಗೆ ಹೂವಿನ ಕೆಲಸ ಸಿಗಲಿಲ್ಲ. ಕೆಲವು ವರ್ಷ ಮನೆ ಕಟ್ಟುವಲ್ಲಿ ಕಾಂಕ್ರೀಟು ಹೊತ್ತಳು. ಹೊಸೂರಿನ ಅಂಚಿನ ಆಲಸನತ್ತದಲ್ಲಿ ಹೊಸ ಹೊಸ ಬೀದಿಗಳು ಏಳುತ್ತಿದ್ದ ಕಾಲ. ಎಡಭುಜ ಹಿಡಿದುಕೊಂಡ ಮೇಲೆ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿ ಅಲ್ಲೇ ನಿಂತಳು. ನಗು ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಆದರೆ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಹೂವಿನಂಗಡಿ ದಾಟುವಾಗ ನಿಂತು, ಒಂದು ಗುಲಾಬಿ ಎತ್ತಿ ಕಡ್ಡಿಯ ತುದಿ ನೋಡಿ "ಐದೆಲೆ ಬಿಟ್ಟು ಕುಯ್ದವ್ರೆ" ಎಂದು ಇಟ್ಟುಬಿಡುತ್ತಿದ್ದಳು. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಆ ಮ್ಯಾನೇಜರನ್ನು ಅವಳು ಬೈಯದ ಹಬ್ಬವಿಲ್ಲ. ಮಾತು ತಪ್ಪಿದವನು ಎಂದೇ ಅವನ ಹೆಸರು. ನಮ್ಮಕ್ಕ ಎಷ್ಟು ಧೈರ್ಯವಾಗಿ ಹೋಗಿ ಕೇಳಿದಳು ಎಂದು ನಂಟರಿಗೆಲ್ಲ ಹೇಳುತ್ತಿದ್ದಳು.

ಆ ಮ್ಯಾನೇಜರು ಬೇರೆ ತೋಟಕ್ಕೆ ಹೋಗುವ ದಿನ ನನ್ನನ್ನು ಕರೆದು ಲೆಕ್ಕದ ಪುಸ್ತಕವಿಡುವ ಬೀರುವಿನ ಬೀಗದ ಕೈ ಕೊಡುತ್ತಾ, "ನಿನ್ನ ತಂಗಿಯ ಕೈ ಒಳ್ಳೆಯದಿತ್ತಮ್ಮ. ಒಂದು ಮಾತು ಕೇಳಿದ್ದರೆ ಬೆಳಗಿನ ಕೊಯ್ಲು ಮುಗಿಸಿ ಎಲ್ಲರನ್ನೂ ಬಿಡುತ್ತಿದ್ದೆ" ಎಂದರು. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟೆ. ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಕೇಳುವುದನ್ನು ಕಲಿತೆ. ಕೈಗವಸು ಕೇಳಿದೆ, ಹೆಂಗಸರಿಗೆ ಬೇರೆ ಕಕ್ಕಸು ಕೇಳಿದೆ, ಔಷಧಿ ಹೊಡೆದ ದಿನ ಆ ಪಾಲಿಹೌಸಿಗೆ ಕಳಿಸಬೇಡಿ ಎಂದು ಕೇಳಿದೆ. ರತ್ನಮ್ಮ ಗಟ್ಟಿಗಿತ್ತಿ ಎಂದರು. ಅದು ಗಟ್ಟಿತನವಲ್ಲ. ಹೊಸದಾಗಿ ಸೇರುವವರಿಗೆ ಇಷ್ಟು ಹೇಳುತ್ತೇನೆ: ಕೇಳಲು ಹೋಗಿ ನಾಲಿಗೆ ಒಣಗಿದರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ಎಲ್ಲರಿಗೂ ಒಣಗುತ್ತದೆ. ಹೊರಗೆ ಬಂದು, ಆಗಲಿಲ್ಲ, ನೀನೂ ಜೊತೆಗೆ ಬಾ ಎಂದುಬಿಡಿ. ಅಷ್ಟು ಸಾಕಿತ್ತು. ಗೌರಿ ನನ್ನ ಕೈ ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋಗುತ್ತಿದ್ದಳು.

ಕೆಲಸದ ರೀತಿಯೂ ಬದಲಾಯಿತು. ಮೊಗ್ಗಿಗೆ ಹಾಕುವ ನೈಲಾನ್ ಬಲೆಯ ಟೋಪಿ ಬಂತು. ಅದನ್ನು ತೊಡಿಸಿದರೆ ಹೂವು ಬೇಗ ಬಿಚ್ಚಿಕೊಳ್ಳುವುದಿಲ್ಲ, ಗಾಯವೂ ಆಗುವುದಿಲ್ಲ. ಮೊದಲನೇ ಸಲ ಅದನ್ನು ಕೈಯಲ್ಲಿ ಹಿಡಿದಾಗ ಗೌರಿ ಹುಡುಕಿದ್ದು ಇದನ್ನೇ ಅಲ್ಲವೇ ಅನ್ನಿಸಿತು. ಆಗ ಬಂದಿದ್ದ ಹೊಸ ಮ್ಯಾನೇಜರ ಬಳಿ ಹೋಗಿ ಮೇ ಒಂದರ ರಜೆ ಕೇಳಿದೆ. ಟೋಪಿ ಹಾಕುತ್ತೇವೆ, ಬೆಳಗಿನ ಕೊಯ್ಲನ್ನು ಸರದಿಯಲ್ಲಿ ಮಾಡುತ್ತೇವೆ ಎಂದೆ. ಅವರು ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಡುವ ಮುಂಚೆಯೇ ಸರಿ ಎಂದರು. ನಾನು ಅಲ್ಲೇ ನಿಂತಿದ್ದೆ. ಇನ್ನೇನಮ್ಮ ಎಂದರು. ಏನಿಲ್ಲ ಸಾರ್ ಎಂದು ಬಂದೆ.

ನಾನು ರಿಟೈರಾದ ವರ್ಷ ಮೇ ಒಂದರಂದು ತೋಟದಲ್ಲಿ ಬಾವುಟ ಹಾರಿಸಿ ನನಗೆ ಶಾಲು ಹೊದಿಸಿದರು. ಗೌರಿ ಕ್ಯಾಂಟೀನಿಗೆ ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಕೊನೆಗೆ ತಾನೇ ಎದ್ದು ನಿಂತು, "ಈ ರಜಾನ ಈ ತೋಟದಲ್ಲಿ ಮೊದ್ಲು ಕೇಳಿದ್ದು ನಮ್ಮಕ್ಕ! ನಿಮ್ಗೆಲ್ಲ ಗೊತ್ತಿಲ್ಲ" ಎಂದಳು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಶಾಲು ಮೈಮೇಲೆ ಸುಡುವ ಹಾಗಿತ್ತು. ಅವಳ ಕಣ್ಣಲ್ಲಿ ನನ್ನ ಬಗ್ಗೆ ಇದ್ದ ಆ ಹೆಮ್ಮೆಯನ್ನು ಕಳಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಅದು ನನ್ನದಲ್ಲ ಎಂದು ಗೊತ್ತಿದ್ದರೂ ಇಟ್ಟುಕೊಂಡೆ.

ಈ ವರ್ಷದ ಮೇ ಒಂದರ ಮಧ್ಯಾಹ್ನ ಗೌರಿಯ ಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆವು. ಅವಳು ಈಳಿಗೆಮಣೆಯ ಮೇಲೆ, ನಾನು ಓಟೆ ತೆಗೆಯುತ್ತಾ ಪಕ್ಕದಲ್ಲಿ. ಅವಳ ಮಗಳು ಪವಿತ್ರ ಮರುದಿನದಿಂದ ಫೋನಿನ ಬಿಡಿಭಾಗ ಜೋಡಿಸುವ ಫ್ಯಾಕ್ಟರಿಗೆ ಹೋಗುವವಳಿದ್ದಳು. ಬ್ಯಾಗು ತುಂಬಿಟ್ಟು ನಮ್ಮ ಹತ್ತಿರ ಬಂದು ಕೂತಳು.

"ಅಲ್ಲಿ ಏನಾದ್ರೂ ಬೇಕಂದ್ರೆ ಮುಸುಮುಸು ಅಂತ ಅಳ್ತಾ ಕೂತ್ಕೋಬೇಡ" ಎಂದು ಗೌರಿ ಅವಳಿಗೆ ಹೇಳಿದಳು. "ನಿಮ್ ದೊಡ್ಡಮ್ಮನ್ ಥರ ನೇರವಾಗಿ ಹೋಗಿ ಕೇಳು."

ಪವಿತ್ರ ನನ್ನ ಕಡೆ ಸರಿದಳು. ಅವಳಿಗೆ ನಿಜಕ್ಕೂ ಭಯವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. "ದೊಡ್ಡಮ್ಮ, ಅವತ್ತು ಒಳಗೆ ಹೋಗಿ ಮೊದ್ಲು ಏನಂದ್ರಿ? ಹೆಂಗೆ ಶುರು ಮಾಡಿದ್ರಿ? ನಂಗೂ ಹೇಳ್ಕೊಡಿ" ಎಂದಳು.

ಆ ಕೋಣೆಯಲ್ಲಿ ನಾನು ಆಡದೇ ಹೋದ ಮಾತನ್ನು ಕಲಿಯಲು ಆ ಮಗು ಕೂತಿತ್ತು. ಇನ್ನೊಂದು ಸುಳ್ಳು ಹೇಳುವುದು ಕಷ್ಟವೇನಿರಲಿಲ್ಲ. ಆದರೆ ಅದನ್ನು ನಂಬಿಕೊಂಡು ಅವಳು ಹೊಸ ಜಾಗಕ್ಕೆ ಹೋಗುತ್ತಿದ್ದಳು.

"ನಾನು ಕೇಳ್ಲಿಲ್ಲ ಕಣವ್ವ" ಎಂದೆ.

ಗೌರಿಯ ಕೈ ನಿಂತಿತು. "ಏನಂದೆ?"

"ಕೇಳ್ಲಿಲ್ಲ ಗೌರಿ. ಒಳಗೆ ಹೋದೆ, ಹೆದರಿಕೆ ಆಯ್ತು, ಬೇರೆ ಏನೋ ಮಾತಾಡಿ ಬಂದೆ. ನಿಂಗೆ ಸುಳ್ಳು ಹೇಳ್ದೆ. ಆ ಮನುಷ್ಯ ಮಾತು ತಪ್ಪಿಲ್ಲ. ಅವ್ರಿಗೆ ಗೊತ್ತೇ ಇರ್ಲಿಲ್ಲ."

ಅವಳು ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿದಳು. ಪವಿತ್ರ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಹಂಗಾದ್ರೆ ಇಷ್ಟು ವರ್ಷ ನಾನು ಆ ಯಪ್ಪನ್ನ ಬೈದು ಬೈದು ಹಾಕಿದ್ದೆಲ್ಲ?" ಎಂದಳು ಗೌರಿ. "ಅವ್ರ ಕಾಲು ಮುರೀತು ಅಂದಾಗ ಪಾಯಸ ಮಾಡಿದ್ನಲ್ಲೇ ಅಕ್ಕಾ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ತುಟಿಯೂ ನಗುವಿನ ಕಡೆ ಹೋಗಿ ವಾಪಸು ಬಂತು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಎದುರಿಗೆ ಕೂತು ಮೆಲ್ಲಗೆ ಕೇಳಿದಳು. "ಅವತ್ತು ಹೆದರ್ದೆ, ಸರಿ. ಯಾರಾದ್ರೂ ಹೆದರ್ತಾರೆ. ಆಮೇಲೆ, ಇಷ್ಟು ವರ್ಷ? ನಾನೇನು ನಿನ್ನ ತಿಂದ್ಹಾಕ್ತಿದ್ನಾ?"

ಅವಳ ನೋವಿನ ಭುಜದ ಮೇಲೆ ಕೈ ಇಟ್ಟೆ. ಮಗಳ ಎದುರಿಗೇ, ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿದೆ:

"ನಾನು ತಪ್ಪಾಯ್ತು ಅಂತಿರೋದು ಹೆದರಿದ್ದಕ್ಕಲ್ಲ ಗೌರಿ. ಕೆಲ್ಸ ಹೋದೋಳು ನೀನು, ನೀನೇ ನನ್ ಕಣ್ಣು ಒರೆಸ್ದೆ. ನಾನು ಸುಮ್ನೆ ಒರೆಸಿಸ್ಕೊಂಡೆ. ಅದಕ್ಕೆ. ನಂದು ತಪ್ಪಾಯ್ತು ಕಣವ್ವ, ತಪ್ಪಾಯ್ತು."